ಕರುಳಿನೊಳಗಿನ ಸಹವಾಸ: ಜಂತುಹುಳು ಮತ್ತು ಬ್ಯಾಕ್ಟೀರಿಯಾ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಶಾಲೆ, ಅಂಗನವಾಡಿಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಈಗ ಹಳ್ಳಿಹಳ್ಳಿಗೂ ಪರಿಚಿತ. 2015ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರೆಗಿನ ಎಲ್ಲರಿಗೂ ಔಷಧಿ ಸಿಗುತ್ತದೆ. 2 ವರ್ಷ ತುಂಬಿದವರಿಗೆ 400 ಮಿಲಿಗ್ರಾಮಿನ ಇಡೀ ಮಾತ್ರೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ಹುಳು ಸಕ್ಕರೆಯ ಅಂಶವನ್ನು ಹೀರಿಕೊಳ್ಳದಂತೆ ತಡೆದು ಅದನ್ನು ಸಾಯಿಸುವುದು ಈ ಮಾತ್ರೆಯ ಕೆಲಸ. ಆದರೆ ಹುಳು ಕರುಳಿನಲ್ಲಿ ಒಂಟಿಯಾಗಿ ಬಾಳುವುದಿಲ್ಲ. ಲಕ್ಷ ಕೋಟಿಗಳ ಲೆಕ್ಕದಲ್ಲಿರುವ ಬ್ಯಾಕ್ಟೀರಿಯಾಗಳ ನಡುವೆ, ಕೆಲವೊಮ್ಮೆ ಅವುಗಳನ್ನೇ ಆಶ್ರಯಿಸಿ, ಕೆಲವೊಮ್ಮೆ ಅವುಗಳ ಸಮುದಾಯವನ್ನೇ ಮಾರ್ಪಡಿಸಿ ಅದು ಬದುಕುತ್ತದೆ ಎಂಬುದು ಇತ್ತೀಚಿನ ಸಂಶೋಧನೆಗಳಿಂದ ಸ್ಪಷ್ಟವಾಗಿದ್ದು, ಜಂತುಹುಳುವಿನ ಬಗೆಗಿನ ಹಳೆಯ ತಿಳಿವಳಿಕೆಗೆ ಇದು ಮಹತ್ವದ ಸೇರ್ಪಡೆಯಾಗಿದೆ.

ಮಣ್ಣಿನ ಮೂಲಕ ಹರಡುವ ಜಂತುಹುಳುಗಳಲ್ಲಿ ಮೂರು ಮುಖ್ಯವಾದವು. ಒಂದು ಗೇಣಿಗೂ ಮೀರಿ ಬೆಳೆಯಬಲ್ಲ ದುಂಡುಹುಳು ಸಣ್ಣ ಕರುಳಿನಲ್ಲಿದ್ದು, ಅದರ ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಸುಮಾರು 1 ಸೆಂಟಿಮೀಟರ್ ಉದ್ದದ ಕೊಕ್ಕೆಹುಳು ಅದೇ ಕರುಳಿನ ಗೋಡೆಯನ್ನು ಕಚ್ಚಿಕೊಂಡು ರಕ್ತ ಹೀರುತ್ತದೆ. ಚಾಟಿಹುಳು ಮಾತ್ರ ದೊಡ್ಡ ಕರುಳಿನ ವಾಸಿ. ಅದು ತನ್ನ ಎಳೆಯಂತಹ ಮುಂಭಾಗವನ್ನು ಕರುಳಿನ ಒಳಪದರಕ್ಕೆ ಹೆಣೆದುಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳ ದಟ್ಟಣೆ ಅತಿ ಹೆಚ್ಚಾಗಿರುವುದು ಸಹ ದೊಡ್ಡ ಕರುಳಿನಲ್ಲೇ ಆದ್ದರಿಂದ ಈ ಹುಳುವಿನ ಕಥೆಯೇ ಹೆಚ್ಚು ಬೋಧಪ್ರದವಾಗಿದೆ.

ಹುಳು ಮತ್ತು ಬ್ಯಾಕ್ಟೀರಿಯಾಗಳ ನಂಟು ದೇಹದ ಹೊರಗೇ ಮೊದಲಾಗುತ್ತದೆ. ಕೊಕ್ಕೆಹುಳುವಿನ ಮೊಟ್ಟೆ ಮಲದೊಡನೆ ಮಣ್ಣಿಗೆ ಬಿದ್ದು, ತೇವವೂ ನೆರಳೂ ಬೆಚ್ಚನೆಯ ವಾತಾವರಣವೂ ದೊರೆತರೆ ಒಂದೆರಡು ದಿನಗಳಲ್ಲೇ ಒಡೆಯುತ್ತದೆ. ಹೊರಬಂದ ಮರಿ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ತಿಂದು ಬೆಳೆದು, ಎರಡು ಬಾರಿ ಪೊರೆ ಕಳಚಿದ ಮೇಲೆ ಆಹಾರವನ್ನೇ ಬಿಟ್ಟು, ಬರಿಗಾಲಿನ ಚರ್ಮಕ್ಕಾಗಿ ಕಾಯುತ್ತದೆ. ಚರ್ಮದ ಮೂಲಕ ಒಳಹೊಕ್ಕ ಮರಿ ರಕ್ತದಲ್ಲಿ ಸಾಗಿ ಶ್ವಾಸಕೋಶ ಸೇರಿ, ಗಂಟಲಿಗೆ ಏರಿ, ನುಂಗಿದಾಗ ಕರುಳಿಗೆ ಇಳಿಯುತ್ತದೆ. ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯ ಅಡಿಕೆ ತೋಟಗಳ ನೆರಳಿನ ಹಸಿ ನೆಲವೂ ತುಂಗಭದ್ರೆಯ ದಡದ ಹೊನ್ನಾಳಿ ಸೀಮೆಯ ತೇವದ ಮಣ್ಣೂ ಇಂತಹ ಮರಿಗಳಿಗೆ ಒಗ್ಗುವ ನೆಲೆಗಳು; ಅಲ್ಲಿ ಬಯಲು ಬಹಿರ್ದೆಸೆ ಉಳಿದಿದ್ದರೆ ಅಪಾಯವೂ ಉಳಿದಿರುತ್ತದೆ.

ಚಾಟಿಹುಳುವಿನ ಅವಲಂಬನೆ ಇನ್ನೂ ಗಾಢವಾದುದು. ಪೀಪಾಯಿಯ ಆಕಾರದ ಅದರ ಮೊಟ್ಟೆಗೆ ಎರಡು ತುದಿಗಳಲ್ಲಿ ಬಿರಡೆಗಳಿದ್ದು, ಒಳಗಿನ ಮರಿ ಹೊರಬರಬೇಕಾದರೆ ಅವುಗಳಲ್ಲಿ ಒಂದು ತೆರೆದುಕೊಳ್ಳಲೇಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿರುವ ಚಾಟಿಹುಳುವಿನ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ದೇಹದಷ್ಟೇ ಉಷ್ಣತೆಯಲ್ಲಿ ಇಟ್ಟರೂ ಬ್ಯಾಕ್ಟೀರಿಯಾಗಳ ಸಂಪರ್ಕವಿಲ್ಲದೆ ಈ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲವೆಂದು ತೋರಿಸಿತು. ಕರುಳಿನಲ್ಲಿ ಸಾಮಾನ್ಯವಾಗಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ, ಫಿಂಬ್ರಿಯಾ ಎಂದು ಕರೆಯಲಾಗುವ ತನ್ನ ಮೈಮೇಲಿನ ಸೂಕ್ಷ್ಮ ಎಳೆಗಳ ನೆರವಿನಿಂದ ಬಿರಡೆಗೆ ಅಂಟಿಕೊಂಡಾಗ ಮೊಟ್ಟೆ ಒಡೆಯುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದ ಇಲಿಗಳಲ್ಲಿ ನೆಲೆಯೂರಿದ ಹುಳುಗಳ ಸಂಖ್ಯೆಯೂ ಕಡಿಮೆಯಾಗಿತ್ತು. ಮೊಟ್ಟೆ ಸರಿಯಾದ ಸ್ಥಳದಲ್ಲಿ, ಎಂದರೆ ಬ್ಯಾಕ್ಟೀರಿಯಾಗಳು ಕಿಕ್ಕಿರಿದ ದೊಡ್ಡ ಕರುಳಿನಲ್ಲೇ ಒಡೆಯುವಂತೆ ಮಾಡುವ ಈ ಏರ್ಪಾಡು ನಿಜಕ್ಕೂ ಬೆರಗು ಹುಟ್ಟಿಸುವಂತಹುದು. ಹಾಗೆಂದು ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಹುಳುವಿಗೆ ಮದ್ದಲ್ಲ. ಅದರಿಂದ ದೇಹಕ್ಕೆ ಬೇಕಾದ ಬ್ಯಾಕ್ಟೀರಿಯಾಗಳೇ ನಾಶವಾಗುತ್ತವೆ.

2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇದನ್ನು ಮುಂದುವರಿಸಿತು. ಚಾಟಿಹುಳು ಆಶ್ರಯ ಕೊಟ್ಟ ಪ್ರಾಣಿಯಿಂದಲೇ ಬ್ಯಾಕ್ಟೀರಿಯಾಗಳನ್ನು ಪಡೆದು ತನ್ನ ಹೊಟ್ಟೆಯೊಳಗೆ ಬೇರೆಯದೇ ಒಂದು ಸಮುದಾಯವನ್ನು ಕಟ್ಟಿಕೊಳ್ಳುತ್ತದೆ. ಜೊತೆಗೆ ಆ ಪ್ರಾಣಿಯ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಬದಲಿಸಿ, ಅಲ್ಲಿಗೆ ಆಮೇಲೆ ಬರುವ ಮೊಟ್ಟೆಗಳು ಸುಲಭವಾಗಿ ಒಡೆಯದಂತೆ ಮಾಡುತ್ತದೆ. ಒಂದೇ ಕರುಳಿನಲ್ಲಿ ಹುಳುಗಳು ಮಿತಿಮೀರಿದರೆ ಆಶ್ರಯವೇ ಕುಸಿಯುತ್ತದೆಯಾದ್ದರಿಂದ, ಮೊದಲು ಬಂದ ಹುಳುಗಳಿಗೆ ಇದರಿಂದ ಲಾಭವೇ ಇದೆ.

ಹುಳುಗಳ ಇರುವಿಕೆಗೆ ದೇಹವೂ ಪ್ರತಿಕ್ರಿಯಿಸುತ್ತದೆ. ಕರುಳಿನ ಒಳಪದರದಲ್ಲಿರುವ ಟಫ್ಟ್ ಕೋಶಗಳೆಂಬ ವಿರಳ ಕೋಶಗಳು ಹುಳುವಿನ ಸುಳಿವು ಹಿಡಿದು ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತವೆಂಬುದು 2016ರಲ್ಲಿ ತಿಳಿದುಬಂತು. ಆಗ ಲೋಳೆ ಹೇರಳವಾಗಿ ಸ್ರವಿಸುತ್ತದೆ. ಕರುಳಿನ ಗೋಡೆಯನ್ನು ಕಾಯುವ ಈ ಲೋಳೆ ಕೆಲವು ಬ್ಯಾಕ್ಟೀರಿಯಾಗಳಿಗೆ ಆಹಾರವೂ ಹೌದಾದ್ದರಿಂದ, ಅದು ಹೆಚ್ಚಿದಂತೆ ಒಂದು ಗುಂಪು ಬೆಳೆದು ಇನ್ನೊಂದು ಸೊರಗುತ್ತದೆ. ಅದೇ ವರ್ಷ ಪ್ರಕಟವಾದ ಮತ್ತೊಂದು ಸಂಶೋಧನೆಯಲ್ಲಿ, ಮಲೇಷ್ಯಾದ ಮೂಲನಿವಾಸಿಗಳಾದ ಒರಾಂಗ್ ಅಸ್ಲಿ ಜನರಿಗೆ ಜಂತುಹುಳುವಿನ ಮಾತ್ರೆ ಕೊಟ್ಟ ಬಳಿಕ ಅವರ ಕರುಳಿನಲ್ಲಿ ಬ್ಯಾಕ್ಟೀರಾಯ್ಡಲಿಸ್ ಗುಂಪು ಹೆಚ್ಚಿ ಕ್ಲಾಸ್ಟ್ರಿಡಿಯಲಿಸ್ ಗುಂಪು ತಗ್ಗಿದ್ದು ಕಂಡುಬಂತು. ಇಲಿಗಳಲ್ಲಿ ಹುಳುಗಳಿಂದಾಗಿ ಕರುಳಿನ ಉರಿಯೂತ ಕಡಿಮೆಯಾಗುವುದನ್ನೂ ಇದೇ ತಂಡ ತೋರಿಸಿತು.

ಇಂತಹ ಫಲಿತಾಂಶಗಳನ್ನು ಹಿಡಿದು ಹುಳುಗಳು ದೇಹಕ್ಕೆ ಹಿತಕಾರಿ ಎಂದು ಸಾರುವವರೂ ಇದ್ದಾರೆ. ಉರಿಯೂತ ರೋಗಗಳ ಚಿಕಿತ್ಸೆಗೆ ಇದರಿಂದ ಹೊಸ ದಾರಿ ಸಿಕ್ಕರೆ ಅದು ಸ್ವಾಗತಾರ್ಹವೇ. ಆದರೆ ಕೊಕ್ಕೆಹುಳುವಿಗೆ ರಕ್ತ ತೆತ್ತು ರಕ್ತಹೀನತೆಯಿಂದ ಬಳಲುವ ಕೂಲಿ ಹೆಣ್ಣುಮಗಳಿಗೆ, ಉಂಡರೂ ಮೈಹತ್ತದೆ ಬೆಳವಣಿಗೆ ಕುಂಠಿತವಾದ ಮಗುವಿಗೆ ಆ ವಾದದಿಂದ ಯಾವ ಪ್ರಯೋಜನವೂ ಇಲ್ಲ. ಮಾತ್ರೆಯನ್ನು ತಪ್ಪಿಸಲು ಈ ವಿಜ್ಞಾನವನ್ನು ನೆಪವಾಗಿಸುವುದು ಸರ್ವಥಾ ತಪ್ಪು.

ಮಾತ್ರೆಗೂ ಮಿತಿಯಿದೆ. ಒಂದೇ ಬಾರಿ ಕೊಡುವ ಅಲ್ಬೆಂಡಜೋಲ್ ದುಂಡುಹುಳುವಿನ ಮೇಲೆ ಚೆನ್ನಾಗಿ ಕೆಲಸ ಮಾಡಿದರೂ ಚಾಟಿಹುಳುವನ್ನು ಬಹಳಷ್ಟು ಜನರಲ್ಲಿ ಪೂರ್ತಿಯಾಗಿ ತೆಗೆಯಲಾರದು. ಮಣ್ಣಿನಲ್ಲಿ ಈಗಾಗಲೇ ಬಿದ್ದಿರುವ ಮೊಟ್ಟೆಗಳನ್ನಂತೂ ಅದು ಮುಟ್ಟುವುದೇ ಇಲ್ಲ. ಆ ಮಣ್ಣು ಊರಿಂದೂರಿಗೆ ಬೇರೆ. ಮಳೆ ಕಡಿಮೆಯಿರುವ ಜಗಳೂರಿನ ಒಣ ಬಯಲಿನಲ್ಲಿ ಕೊಕ್ಕೆಹುಳುವಿನ ಮರಿ ಬಿಸಿಲಿಗೆ ಬೇಗ ಒಣಗಿ ಸಾಯುತ್ತದೆ; ದುಂಡುಹುಳುವಿನ ದಪ್ಪ ಚಿಪ್ಪಿನ ಮೊಟ್ಟೆಯಾದರೋ ಮನೆಯ ಹಿತ್ತಲಿನಲ್ಲಿ, ಬಚ್ಚಲು ನೀರು ಹರಿಯುವ ಕಡೆ ತುಸು ತೇವ, ನೆರಳು ಸಿಕ್ಕರೆ ವರ್ಷಗಟ್ಟಲೆ ಉಳಿಯಬಲ್ಲದು. ಹೀಗಾಗಿ ಚನ್ನಗಿರಿ, ನ್ಯಾಮತಿಗಳ ತೋಟ ಗದ್ದೆಗಳಲ್ಲಿ ದುಡಿಯುವವರಿಗೆ ಶೌಚಾಲಯದ ಜೊತೆಗೆ ಕಾಲಿಗೆ ಚಪ್ಪಲಿ ಎಷ್ಟು ಮುಖ್ಯವೋ, ಜಗಳೂರಿನ ಮಕ್ಕಳಿಗೆ ಉಣ್ಣುವ ಮುನ್ನ ಸೋಪಿನಿಂದ ಕೈ ತೊಳೆಯಲು ಸಾಕಷ್ಟು ನೀರು ಸಿಗುವುದು ಅಷ್ಟೇ ಮುಖ್ಯ.