ಕೆರೆ ನೀರಿನ ಹಾರ್ಮೋನು ಮಾಲಿನ್ಯ ಹಾಗೂ ಮೀನುಗಳ ಸಂತಾನೋತ್ಪತ್ತಿ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹೋಬಳಿಯಲ್ಲಿ ಕೆರೆಗಳ ಮೀನುಪಾಶುವಾರು ಗುತ್ತಿಗೆಗೆ ಅರ್ಜಿ ಸಲ್ಲಿಸುವವರು, ಚರಂಡಿ ನೀರು ಕೆರೆಗೆ ಸೇರುತ್ತಿದೆಯೇ ಎಂಬುದನ್ನು ಮೊದಲು ಪರಿಶೀಲಿಸುವುದು ಸೂಕ್ತ. ಮೂತ್ರದಲ್ಲಿರುವ ಈಸ್ಟ್ರೋಜೆನ್ ಹಾಗೂ ಗರ್ಭನಿರೋಧಕ ಮಾತ್ರೆಗಳ ಹಾರ್ಮೋನು ಈ ನೀರಿನೊಂದಿಗೆ ಹರಿದುಬರುತ್ತವೆ.

ಕೆನಡಾದ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಕೇವಲ 5-6 ನ್ಯಾನೋಗ್ರಾಂನಷ್ಟು ಬೆರೆಸಲಾಗಿ, ಗಂಡು ಮೀನುಗಳ ದೇಹದಲ್ಲಿ ಮೊಟ್ಟೆಯ ಪ್ರೋಟೀನು ಉತ್ಪತ್ತಿಯಾಯಿತು. ಒಂದು ಜಾತಿಯ ಸಣ್ಣ ಮೀನಿನ ಸಂತತಿಯೇ ಬಹುತೇಕ ನಶಿಸಿತು.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಮರಿಗಳನ್ನು ಹೊರಗಿನಿಂದ ತಂದು ಬಿತ್ತನೆ ಮಾಡುವುದರಿಂದ ಗುತ್ತಿಗೆದಾರರ ಲೆಕ್ಕದಲ್ಲಿ ಈ ಹಾನಿ ಕಾಣಿಸದು. ಅಪಾಯವಿರುವುದು ಕೆರೆಯಲ್ಲಿಯೇ ಮೊಟ್ಟೆಯಿಡುವ ಕೊರವ ಮುಂತಾದ ನಾಟಿ ಮೀನುಗಳಿಗೆ.

ಹಾರ್ಮೋನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಕೆನಡಾದ ಮೀನುಗಳು ಚೇತರಿಸಿಕೊಂಡವು. ಚರಂಡಿ ನೀರು ಸೇರುತ್ತಿರುವುದು ಕಂಡುಬಂದಲ್ಲಿ ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ.