ಅಪ್ಪನ ಸ್ಕೋರ್ ನೋಟ್‌ಬುಕ್

ಡಿಗ್ರಿ ಮುಗಿಸಿ ಇಪ್ಪತ್ತೈದು ವರ್ಷ ಕಳೆದರೂ ನಮ್ಮಪ್ಪ ಅಥಣಿಯ ಕಾಲೇಜು ಗ್ರೌಂಡಿಗೆ ಹೋಗೋದು ಬಿಟ್ಟಿರಲಿಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಗುಮಾಸ್ತನ ಕೆಲಸ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದು, ಎರಡು ರೊಟ್ಟಿ ತಿಂದು ಮಲಗಬೇಕಾದ ಮನುಷ್ಯ ಮತ್ತೆ ಸೈಕಲ್ ಹತ್ತುತ್ತಿದ್ದ. "ಈಗೆಲ್ಲಿಗ್ರಿ?" ಅಂತ ಅವ್ವ ಕೇಳಿದರೆ, "ಇಲ್ಲೇ, ಹುಡುಗೂರದು ಮ್ಯಾಚ್ ಐತಿ" ಅಂದು ಹೊರಟುಬಿಡುತ್ತಿದ್ದ.

ಯಾರ ಹುಡುಗರು? ಯಾರೂ ಅಲ್ಲ. ರಾಯಬಾಗದವರೋ, ಚಿಕ್ಕೋಡಿಯವರೋ, ಯಾರು ಬಂದರೂ ಅಪ್ಪನಿಗೆ ನಡೀತಿತ್ತು. ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರಲ್ಲಿ ಹೆಚ್ಚಿಟ್ಟ ಲಿಂಬೆಹಣ್ಣು, ಉಪ್ಪು, ಒಂದು ಗ್ಲೂಕೋಸ್ ಪ್ಯಾಕೆಟ್, ಮತ್ತೆ ನೂರು ಪುಟದ ನೋಟ್‌ಬುಕ್. ಲಿಂಬೆಹಣ್ಣು ಎರಡೂ ತಂಡಕ್ಕೆ. ನೋಟ್‌ಬುಕ್ಕಿನಲ್ಲಿ ತಾರೀಖು, ತಂಡ, ಸ್ಕೋರು. ಖೋಖೋ ಆದರೆ ಯಾರು ಎಷ್ಟು ನಿಮಿಷ ಓಡಿದರು ಅನ್ನೋದೂ ಇರುತ್ತಿತ್ತು, ತನ್ನ ಎಚ್‌ಎಂಟಿ ವಾಚಿನ ಲೆಕ್ಕದಲ್ಲಿ. ಆ ಲೆಕ್ಕಕ್ಕೂ ಪಂಚರ ಲೆಕ್ಕಕ್ಕೂ ಎಂದೂ ತಾಳೆ ಆಗುತ್ತಿರಲಿಲ್ಲ. "ಅವರ ವಾಚ್ ಸಾವಕಾಶ ಐತಿ" ಅಂತಿದ್ದ.

ನಮ್ಮ ಕಡೆ ಆಟ ಅಂದ್ರೆ ಮೊದಲು ಕುಸ್ತಿ. ಕುಸ್ತಿ ನೋಡೋಕೆ ಗಡಿ ದಾಟಿ ಕೊಲ್ಹಾಪುರಕ್ಕೆ ಹೋಗಿಬರೋ ಜನ ನಾವು. ಆದರೆ ಅಪ್ಪನ ಜೀವ ಇದ್ದದ್ದು ಖೋಖೋದಲ್ಲಿ. ಎಂಬತ್ತರ ದಶಕದಲ್ಲಿ ಕಾಲೇಜು ತಂಡದಲ್ಲಿದ್ದ. ಖೋಖೋ ತಂಡದಲ್ಲಿ ಹನ್ನೆರಡು ಜನ, ಅಂಗಳಕ್ಕೆ ಇಳಿಯೋದು ಒಂಬತ್ತೇ. ಅಪ್ಪ ಹೆಚ್ಚಾಗಿ ಉಳಿದ ಮೂವರಲ್ಲಿ ಒಬ್ಬ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ನಾ ಆಡಿದ್ದಕ್ಕಿಂತ ಕುಂತು ನೋಡಿದ್ದ ಹೆಚ್ಚು" ಅಂತ ನಗುತ್ತಿದ್ದ.

ಆಗ ನಮ್ಮ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ. ಒಮ್ಮೆ ಅಲ್ಲಿಗೆ ಹೋದಾಗ 'ಯೂನಿವರ್ಸಿಟಿ ಬ್ಲೂ' ಆದ ಹುಡುಗರು ಬ್ಲೇಜರ್ ಹಾಕ್ಕೊಂಡು ಚಹಾ ಕುಡಿಯೋದನ್ನು ನೋಡಿದ್ದನಂತೆ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರಿಗೆ ಸಿಗೋ ಗೌರವ ಅದು. ಕೇಂಬ್ರಿಡ್ಜ್‌ನ ತಿಳಿನೀಲಿ, ಆಕ್ಸ್‌ಫರ್ಡ್‌ನ ಕಡುನೀಲಿಯಿಂದ ಬಂದ ಹೆಸರು. ಅಪ್ಪನಿಗೆ ಆಕ್ಸ್‌ಫರ್ಡ್ ಕಟ್ಟಿಕೊಂಡು ಏನಾಗಬೇಕು? ಆದರೆ ಆ ಬ್ಲೇಜರಿನ ಗುಂಡಿ ಎಷ್ಟಿದ್ದವು ಅನ್ನೋದು ಸಹ ಅವನಿಗೆ ನೆನಪಿತ್ತು.

ನನಗೆ ಆಟ ಕಲಿಸಿದ್ದು ಅವನೇ, ಮನೆಯ ಹಿತ್ತಲಲ್ಲಿ. ಬೇವಿನ ಗಿಡ ಒಂದು ಕಂಬ, ನೀರಿನ ಡ್ರಮ್ಮು ಇನ್ನೊಂದು. ಖೋಖೋ ಆಡಿದವರಿಗೆ ಗೊತ್ತು, ಬೆನ್ನಟ್ಟೋರಿಗೆ ಕಟ್ಟುಪಾಡು ಜಾಸ್ತಿ. ಒಂದು ಸಲ ಹಿಡಿದ ದಿಕ್ಕು ಬದಲಿಸೋ ಹಾಗಿಲ್ಲ, ಕೂತವರ ನಡುವೆ ನುಗ್ಗೋ ಹಾಗಿಲ್ಲ. ಓಡೋರಿಗೆ ಅದ್ಯಾವುದೂ ಇಲ್ಲ. "ಯವ್ವಾ, ಹಿಂದ ಬರಾಕಿ ಹೆಗಲ ನೋಡು, ಕಾಲ ನೋಡಬ್ಯಾಡ. ಹೆಗಲ ಮೊದಲ ತಿರಗತೈತಿ" ಅಂತಿದ್ದ. ಸ್ವತಃ ಹೆಚ್ಚು ಆಡದವನು ಇಷ್ಟೆಲ್ಲ ಹೇಗೆ ತಿಳಿದಿದ್ದ ಅಂದ್ರೆ, ಕೂತು ನೋಡಿದ್ದರಿಂದಲೇ ಇರಬೇಕು.

ನಾನು ಚೆನ್ನಾಗಿಯೇ ಓಡಿದೆ. 2012ರಲ್ಲಿ, ಡಿಗ್ರಿ ಕೊನೇ ವರ್ಷದಲ್ಲಿ, ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ನನ್ನ ಹೆಸರು ಹೋಯ್ತು. ಅಷ್ಟೊತ್ತಿಗೆ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗಿತ್ತು, ಧಾರವಾಡದ ತನಕ ಹೋಗಬೇಕಿರಲಿಲ್ಲ. ನಾಲ್ಕು ದಿನ ಅಲ್ಲೇ ಇರಬೇಕು, ಅಷ್ಟೇ.

ಮನೆಯಲ್ಲಿ ಆಗ ನನಗೊಂದು ಸಂಬಂಧ ನೋಡ್ತಿದ್ದರು. ದೊಡ್ಡಪ್ಪ, ಅತ್ತೆ, ಆಯಿ ಎಲ್ಲಾ ಪಡಸಾಲೆಯಲ್ಲಿ ಕೂತಿದ್ದರು. "ಹೆಣ್ಣ ಹುಡುಗಿನ ನಾಕ್ ದಿನ ಹೊರಗ ಇಡೂದಾ? ಅವರಿಗೆ ಗೊತ್ತಾದ್ರ?" ನಾನು ಬಾಗಿಲ ಹಿಂದೆ ನಿಂತು ಅಪ್ಪ ಬಾಯಿ ತೆಗೆಯೋದನ್ನೇ ಕಾಯ್ತಿದ್ದೆ. ಬಹಳ ಹೊತ್ತಿನ ಮೇಲೆ ತೆಗೆದ. "ಇರ್ಲಿ, ಮುಂದಿನ ವರ್ಷ ನೋಡೂಣು."

ಕೊನೇ ವರ್ಷದವಳಿಗೆ ಮುಂದಿನ ವರ್ಷ ಎಲ್ಲಿಂದ ಬರಬೇಕು? ಅದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. (ಆ ಸಂಬಂಧವೂ ಆಮೇಲೆ ಮುರಿದುಬಿತ್ತು, ಆ ಮಾತು ಬೇರೆ.)

ನಾನು ಜಗಳ ಆಡಲಿಲ್ಲ. ಮಾತು ಕಡಿಮೆ ಮಾಡಿದೆ. ಪುಣೆಗೆ ಬಂದು ಕೆಲಸಕ್ಕೆ ಸೇರಿದೆ. ಫೋನಿನಲ್ಲಿ "ಊಟ ಆತಾ?", "ಆತು", "ಮಳಿ ಐತೇನು?", "ಐತಿ". ವರ್ಷಗಟ್ಟಲೆ ಇಷ್ಟೇ. ಖೋಖೋ ಅನ್ನೋ ಪದ ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೀತಲ್ಲ, ಆಗ ನಾನು ರಜೆ ಹಾಕಿ ಊರಿಗೆ ಬಂದಿದ್ದೆ. 19ನೇ ತಾರೀಖು ಭಾನುವಾರ ಫೈನಲ್. ನನ್ನ ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಇಬ್ಬರೂ ನೋಡಿದೆವು. ಮಣ್ಣಿನ ಬದಲು ಮ್ಯಾಟು, ಬರಿಗಾಲ ಬದಲು ಬೂಟು. ಔಟಾಗದೆ ಒಂದಿಷ್ಟು ಹೊತ್ತು ಓಡಿದರೆ 'ಡ್ರೀಮ್ ರನ್' ಅಂತ ಓಡೋರಿಗೂ ಪಾಯಿಂಟು. ಅಪ್ಪನಿಗೆ ಈ ನಿಯಮ ಬಹಳ ಹಿಡಿಸಿತು. "ಓಡಾವರಿಗೂ ಏನರ ಸಿಗಬೇಕ ಬಿಡು" ಅಂದ. ನೇಪಾಳದ ವಿರುದ್ಧ ನಮ್ಮ ಹುಡುಗಿಯರು 78-40ರಿಂದ ಗೆದ್ದರು. ಪಂದ್ಯದ ಅತ್ಯುತ್ತಮ ಆಟಗಾರ್ತಿ ನಮ್ಮ ಬಿ. ಚೈತ್ರಾ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಹಳ್ಳಿ ಹುಡುಗಿ ಅಂತ ಗೊತ್ತಾಗಿದ್ದೇ ತಡ, ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

ಸ್ವಲ್ಪ ಹೊತ್ತು ಬಿಟ್ಟು, ಪರದೆ ನೋಡುತ್ತಲೇ ಅಂದ: "ಆ ವರ್ಷ ನಿನ್ನ ಬೆಳಗಾಂವಿಗೆ ಕಳಸಬೇಕಾಗಿತ್ತ ನಾ."

ಹದಿಮೂರು ವರ್ಷ ಕಾದಿದ್ದ ಮಾತು. ನಾನು ಏನಂದೆ ಗೊತ್ತಾ? "ಚಹಾ ಮಾಡ್ಲಾ ಅಪ್ಪಾ?" ಅಂದೆ. ಎದ್ದು ಒಳಗೆ ಹೋದೆ. ಅಷ್ಟೇ ನೋಡಿ, ಆ ಮಾತು ಅಲ್ಲಿಗೆ ನಿಂತಿತು. ಆಗಸ್ಟಿನಲ್ಲಿ ಅಪ್ಪ ಹೋದ.

ದಿನಕರ್ಮ ಎಲ್ಲ ಮುಗಿದ ಮೇಲೆ ಅವನ ಟ್ರಂಕು ತೆಗೆದೆವು. ಹನ್ನೊಂದು ನೋಟ್‌ಬುಕ್ಕು. ಎಲ್ಲಕ್ಕಿಂತ ಕೊನೆಯ ಬರಹ ಅದೇ ಜನವರಿಯ ಫೈನಲ್, 'ಭಾರತ 78, ನೇಪಾಳ 40', ಚೈತ್ರಾ ಹೆಸರಿನ ಕೆಳಗೆ ಎರಡು ಗೆರೆ. ನಾನು ಹಿಂದಕ್ಕೆ ಹಿಂದಕ್ಕೆ ಹೋಗಿ 2012 ಹುಡುಕಿದೆ. ನನ್ನ ಕೊನೇ ಮ್ಯಾಚು ಇತ್ತು, 'ನಮ್ಮಾಕಿ 4 ನಿಮಿಷ 10 ಸೆಕೆಂಡ್' ಅಂತ. ಅದರ ಮುಂದೆ ಒಂದು ಪುಟ ಪೂರ್ತಿ ಖಾಲಿ. ಮಗುಚಿದರೆ ಬಂದ ತಾರೀಖು 2013ರ ಡಿಸೆಂಬರ್.

ನಡುವೆ ಅಷ್ಟು ಮ್ಯಾಚು ಆಗಿದ್ದವು, ನನಗೇ ಗೊತ್ತು. ಅವ್ವನ್ನ ಕೇಳಿದೆ.

"ಆ ಹಂಗಾಮ ಪೂರ್ತಿ ಗ್ರೌಂಡಿಗೆ ಹೋಗಲೇ ಇಲ್ಲ ಅವರು. ಪಾಳಿ ಮುಗಿಸಿ ಬಂದು ಮಲಗತಿದ್ರು. ಆರಾಮ ಇಲ್ಲೇನಂತ ನಾನೂ ಎರಡು ಸಲ ಕೇಳಿದೆ" ಅಂದಳು. "ನಿನಗ ಗೊತ್ತಿರಲಿಲ್ಲೇನು? ನೀನೂ ಮನಿಯಾಗ ಇದ್ದೆಲ್ಲ."