ಮೈದಾನ ಬಿಡದ ಊರಿಗೆ ಟರ್ಫ್ ಬಂದ ಬಗೆ

ಬೆಂಗಳೂರಿನ ವೈಟ್‌ಫೀಲ್ಡ್‌ನ ಒಳರಸ್ತೆಗಳಲ್ಲಿ ಕತ್ತಲಾದ ಮೇಲೂ ಬೆಳಗುತ್ತಿರುವುದು ಟರ್ಫ್ ಮೈದಾನಗಳ ಫ್ಲಡ್‌ಲೈಟ್‌ಗಳು. ಸುತ್ತ ಎತ್ತರದ ಬಲೆ, ಕೆಳಗೆ ಪ್ಲಾಸ್ಟಿಕ್ ಹುಲ್ಲು, ಆ್ಯಪ್‌ನಲ್ಲಿ ಗಂಟೆ ಲೆಕ್ಕಕ್ಕೆ ಬುಕ್ ಮಾಡಿದ ಬಾಕ್ಸ್ ಕ್ರಿಕೆಟ್, ಫುಟ್‌ಬಾಲ್, ಈಚೆಗೆ ಪಿಕಲ್‌ಬಾಲ್. ಗೋಡೆಯಾಚೆ ಮಗುವನ್ನು ಮಲಗಿಸಲು ಹೆಣಗುವ ಮನೆ. ಇದನ್ನು ಆಡುವವರಿಗೂ ಮಲಗುವವರಿಗೂ ನಡೆಯುತ್ತಿರುವ ಜಗಳವೆಂದು ನೋಡುವುದು ವಾಡಿಕೆ. ಆದರೆ ಜಗಳದ ಬೇರು ಊರು ಬೆಳೆದ ಬಗೆಯಲ್ಲಿದೆ. ಸಾರ್ವಜನಿಕ ಮೈದಾನಕ್ಕೆ ಜಾಗ ಉಳಿಸದಿದ್ದರಿಂದಲೇ ಆಟ ಖಾಸಗಿ ಸೈಟುಗಳನ್ನು ಹುಡುಕಿಕೊಂಡು ಮನೆಗಳ ನಡುವೆ ಬಂತು.

1882ರಲ್ಲಿ ಹತ್ತನೆಯ ಚಾಮರಾಜ ಒಡೆಯರ್ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟಾಗ ಹುಟ್ಟಿದ ವಸಾಹತು ವೈಟ್‌ಫೀಲ್ಡ್. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳಲ್ಲಿ ಅದರ ನಕ್ಷೆ ಇಂದಿಗೂ ಉಳಿದಿದೆ. ಒಂದು ಶತಮಾನ ಮೌನವಾಗಿದ್ದ ಊರಿಗೆ 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಹೂಡಿ, ಹಗದೂರು, ಕಾಡುಗೋಡಿಗಳ ಹೊಲ ತೋಟಗಳು ಲೇಔಟ್‌ಗಳಾದವು. 2007ರಲ್ಲಿ ಈ ಪ್ರದೇಶ ಬಿಬಿಎಂಪಿಗೆ ಸೇರುವ ಹೊತ್ತಿಗೆ ಬೆಳವಣಿಗೆ ಬಹಳ ದೂರ ಸಾಗಿತ್ತು. ಕ್ರಮಬದ್ಧ ಬಡಾವಣೆಯಲ್ಲಿ ಉದ್ಯಾನಕ್ಕೆ, ನಾಗರಿಕ ಸೌಲಭ್ಯದ (ಸಿ.ಎ.) ಸೈಟಿಗೆ ಜಾಗ ಬಿಡಬೇಕು. ಅನುಮೋದನೆಯಿಲ್ಲದೆ ಕೃಷಿಭೂಮಿಯಲ್ಲಿ ಏಳುವ ರೆವಿನ್ಯೂ ಲೇಔಟ್‌ಗೆ ಆ ಹಂಗಿಲ್ಲ. ದೊಡ್ಡ ಅಪಾರ್ಟ್‌ಮೆಂಟ್‌ಗಳು ಕ್ಲಬ್‌ಹೌಸ್ ಕಟ್ಟಿದವಾದರೂ ಅದು ಗೇಟಿನೊಳಗಿನವರ ಸ್ವತ್ತು. ಇತ್ತ ಖಾಲಿ ಸೈಟಿನ ಒಡೆಯರಿಗೆ ಟರ್ಫ್ ಒಳ್ಳೆಯ ದಾರಿಯಾಯಿತು: ಕಂಬ, ಬಲೆ, ದೀಪ ಇದ್ದರೆ ಸಾಕು, ಒಳ್ಳೆಯ ಬೆಲೆ ಬಂದ ದಿನ ಕಿತ್ತು ಮಾರಬಹುದು. ಹಳೆಯ ಬಡಾವಣೆಗಳಿಗೆ ಹಿಡಿದುಕೊಳ್ಳಲು ಒಂದು ಆಸರೆಯಾದರೂ ಇತ್ತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ನಕ್ಷೆಯಲ್ಲಿ ಮೀಸಲು ಜಾಗವೇ ಇಲ್ಲದ ಕಡೆ ಯಾವುದಕ್ಕಾಗಿ ಕೋರ್ಟಿಗೆ ಹೋಗುವುದು?

ಉಳಿದಿರುವುದು ಶಬ್ದದ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6. ಆದರೆ ಈ ಅಂಕಿಗಳು ಒಂದು ಅವಧಿಯ ಸರಾಸರಿ. ಬ್ಯಾಟಿನ ಟಪ್ ಸದ್ದು, ವಿಕೆಟ್ ಬಿದ್ದಾಗಿನ ಕೂಗು ಥಟ್ಟನೆ ಎದ್ದು ಅಡಗುವಂಥವು; ನಿದ್ದೆ ಕೆಡಿಸಿದರೂ ಸರಾಸರಿಯಲ್ಲಿ ಕರಗಿಹೋಗುತ್ತವೆ. ಮಿತಿಗಿಂತ 10 ಡೆಸಿಬಲ್ ಮೀರಿದರೆ ದೂರು ಕೊಡಬಹುದೆನ್ನುವ ಅದೇ ನಿಯಮ ಹಗಲಿನ 55ನ್ನು ವ್ಯವಹಾರದಲ್ಲಿ 65 ಮಾಡಿಬಿಡುತ್ತದೆ. ಮಲಗುವ ಕೋಣೆಗೆ ನುಗ್ಗುವ ಬೆಳಕನ್ನು, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕುಗಳನ್ನು ಈ ನಿಯಮ ಅಳೆಯುವುದೂ ಇಲ್ಲ.

ಆಟದ ಪರವಾದ ವಾದವೂ ಹಗುರವಲ್ಲ. ಸಂಜೆಯೆಲ್ಲ ಆಫೀಸು, ಟ್ರಾಫಿಕ್‌ಗಳಲ್ಲಿ ಕಳೆಯುವ ಐಟಿ ನೌಕರರಿಗೆ ಬಿಡುವು ಸಿಗುವುದೇ ರಾತ್ರಿ; ಮೊಬೈಲಿಗೆ ಅಂಟಿದ ಮಕ್ಕಳು ಬೆವರು ಹರಿಸುತ್ತಿದ್ದರೆ ತಡೆಯುವುದೇಕೆ ಎನ್ನುತ್ತಾರೆ. ನಿಜ. ಹಾಗೆಂದೇ ಬೇಡಿಕೆ ಟರ್ಫ್ ಮುಚ್ಚಿಸುವುದಲ್ಲ, ಆಡುವ ಹೊತ್ತು ಗೊತ್ತುಮಾಡುವುದು. ಹತ್ತರ ನಂತರದ ಸ್ಲಾಟ್ ಆರೋಗ್ಯದ ಅಗತ್ಯಕ್ಕಿಂತ ಬಾಡಿಗೆಯ ಲೆಕ್ಕಕ್ಕೇ ಹೆಚ್ಚು ಹೊಂದುತ್ತದೆ. ನಗರದಲ್ಲಿದ್ದ ಮೇಲೆ ಸದ್ದು ಸಹಿಸಬೇಕು ಎನ್ನುವವರೂ ಇದ್ದಾರೆ. ಆದರೆ ರಸ್ತೆ, ಮೆಟ್ರೊಗಳ ಸದ್ದಿನ ಬದಲಿಗೆ ಊರಿಗೆಲ್ಲ ಸೌಲಭ್ಯ ಸಿಗುತ್ತದೆ; ಟರ್ಫ್‌ನ ಲಾಭ ಒಬ್ಬರಿಗೆ, ಜಾಗರಣೆ ನೆರೆಯವರಿಗೆ. ಇನ್ನು ಹಣ ತೆರಲಾಗದ ಮಕ್ಕಳಿಗೆ ಅಲ್ಲಿಯೂ ಪ್ರವೇಶವಿಲ್ಲವಾದ್ದರಿಂದ ಅದನ್ನು ಮೈದಾನದ ಬದಲಿ ಎನ್ನಲಾಗದು.

ಆಟ ಮನೆಗಳ ಪಕ್ಕಕ್ಕೆ ಬರುವ ಮೊದಲೇ ಅದರ ಕಟ್ಟಳೆ ಗೊತ್ತಾಗಬೇಕೆಂಬ ಪಾಠ ನಗರದಂಚಿನ ಬೊಮ್ಮಸಂದ್ರದ ಸೂರ್ಯನಗರಕ್ಕೂ ಸಲ್ಲುತ್ತದೆ. ಅಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣದ ಯೋಜನೆಗೆ 2025ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ನೀಡಿದೆ. ಪಾರ್ಕಿಂಗ್, ಬೆಳಕು, ಪಂದ್ಯ ಮುಗಿಯುವ ಹೊತ್ತು ಇವನ್ನು ಅಡಿಗಲ್ಲಿಗೆ ಮೊದಲೇ ನಿವಾಸಿಗಳೊಂದಿಗೆ ತೀರ್ಮಾನಿಸಬೇಕು. ವೈಟ್‌ಫೀಲ್ಡ್‌ನಲ್ಲಿ ಪರವಾನಗಿ ಕೊಡುವವರು ಮನೆಯಿಂದ ಅಂತರ, ದೀಪದ ದಿಕ್ಕು, ಮುಚ್ಚುವ ಸಮಯಗಳನ್ನು ಷರತ್ತಾಗಿಸಲಿ. ಉಳಿದಿರುವ ಸರ್ಕಾರಿ ಜಾಗದಲ್ಲಿ ವಾರ್ಡಿಗೊಂದು ಮೈದಾನ ಗುರುತಿಸಲಿ. ಆಟದ ಜಾಗವನ್ನು ಮಾರುಕಟ್ಟೆಗೆ ಬಿಟ್ಟು, ಬಳಿಕ ನೆರೆಹೊರೆಯವರನ್ನು ಪೊಲೀಸ್ ಠಾಣೆಯಲ್ಲಿ ಎದುರುಬದುರು ನಿಲ್ಲಿಸುವುದು ಆಡಳಿತವಲ್ಲ.